ಐದು ಸಾವಿರದ ಕ್ಯಾಮೆರಾ, ಸಾವಿರದ ರೋಲ್

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ರೋಲ್ ಕ್ಯಾಮೆರಾದ್ದೇ. ಹೊಸದಾಗಿ ಓದುವವರಿಗೆ ಒಂದು ಮಾತು. ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸ್ಟುಡಿಯೋ ಇತ್ತು. ಫೋಟೋ ಹೊಡೆಯುತ್ತಿದ್ದವರು ನಮ್ಮ ಯಜಮಾನರು. ರೋಲ್ ತೊಳೆಯುವುದು, ಪ್ರಿಂಟ್ ಹಾಕುವುದು, ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಟಚಿಂಗ್ ಮಾಡುವುದು ನನ್ನ ಪಾಲಿಗೆ. ಹಾಗಾಗಿ ನನ್ನ ಉತ್ತರಗಳಲ್ಲಿ ಲೆನ್ಸ್‌ಗಿಂತ ನೀರು, ಹೈಪೋ (ಮೂಡಿದ ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್ ದ್ರಾವಣ) ಮಾತು ಜಾಸ್ತಿ ಬಂದರೆ ಸಹಿಸಿಕೊಳ್ಳಿ.

ಮೇಡಂ, ಎಂಬತ್ತರ ದಶಕದಲ್ಲಿ ಶಾಲೆಯ ವಾರ್ಷಿಕೋತ್ಸವ, ಊರ ಜಾತ್ರೆ ಎಲ್ಲ ಬ್ಲಾಕ್ ಅಂಡ್ ವೈಟ್‌ನಲ್ಲಿ ತೆಗೆಯುತ್ತಿದ್ದೆ. ಆ ಕ್ಯಾಮೆರಾ ಯಾವತ್ತೋ ಹೋಯಿತು. ಈಗ ನಿವೃತ್ತಿಯಾಗಿದೆ, ಮತ್ತೆ ಶುರು ಮಾಡುವ ಆಸೆ. 'ಎಂಟು ಸಾವಿರದ ಮೇಲೆ ಹೋಗಬೇಡಿ ಅಪ್ಪ' ಎಂದು ಮಗ ಹೇಳಿದ್ದಾನೆ. ಯಾವ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತೆಗೆದುಕೊಳ್ಳಲಿ?
— ನಿವೃತ್ತ ಮೇಷ್ಟ್ರು, ಅರಸೀಕೆರೆ

ಮೇಷ್ಟ್ರೇ, ಮಗ ಹೇಳಿದ್ದು ಸರಿಯಾಗೇ ಇದೆ. ಆದರೆ ಆ ಎಂಟು ಸಾವಿರವನ್ನೂ ಕ್ಯಾಮೆರಾಗೇ ಸುರಿಯಬೇಡಿ. ಐದರೊಳಗೆ ಕ್ಯಾಮೆರಾ ಮುಗಿಸಿ. ಮಿಕ್ಕದ್ದು ರೋಲ್‌ಗೆ, ಕೆಮಿಕಲ್‌ಗೆ. ನಿಮ್ಮ ಕಾಲದ ಲೆಕ್ಕ ಈಗ ತಲೆಕೆಳಗಾಗಿದೆ. ಆಗ ಕ್ಯಾಮೆರಾಗೆ ತಿಂಗಳುಗಟ್ಟಲೆ ಸಂಬಳ ಕೂಡಿಡಬೇಕಿತ್ತು, ರೋಲ್ ಹೇಗೋ ಹೊಂದುತ್ತಿತ್ತು. ಈಗ ಕ್ಯಾಮೆರಾ ಯಾರದೋ ಅಟ್ಟದಿಂದ ಇಳಿದು ಬರುತ್ತದೆ, ರೋಲ್‌ಗೆ ಸಾವಿರದ ಆಸುಪಾಸು ಕೊಡಬೇಕು. 36 ಫ್ರೇಮ್‌ಗೆ ಹಂಚಿದರೆ ಒಂದು ಕ್ಲಿಕ್‌ಗೆ ಮೂವತ್ತು ರೂಪಾಯಿ ಹತ್ತಿರ. ತೊಳೆಯುವ ಖರ್ಚು ಬೇರೆ.

ಕ್ಯಾಮೆರಾ ವಿಷಯದಲ್ಲಿ ನನ್ನದು ಒಂದೇ ಷರತ್ತು. ಬ್ಯಾಟರಿ ತೆಗೆದಿಟ್ಟರೂ ಶಟರ್ (ಕ್ಷಣಮಾತ್ರ ತೆರೆದು ಬೆಳಕು ಬಿಡುವ ಪರದೆ) ಹೊಡೆಯಬೇಕು. ಹಲ್ಲುಚಕ್ರ, ಸ್ಪ್ರಿಂಗ್‌ನಿಂದ ನಡೆಯುವುದು ಕೆಟ್ಟರೆ ಬಿಚ್ಚಿ ಎಣ್ಣೆ ಹಾಕಿ ಸರಿ ಮಾಡುವ ಕೈಗಳು ಈಗಲೂ ಅಲ್ಲಲ್ಲಿ ಇವೆ. ಎಲೆಕ್ಟ್ರಾನಿಕ್ ಶಟರ್‌ನ ಬೋರ್ಡ್ ಸುಟ್ಟರೆ ಹಾಗಲ್ಲ. ಅದೇ ಮಾಡೆಲ್ ಇನ್ನೊಂದು ಸತ್ತದ್ದನ್ನು ತಂದು ಬಿಡಿಭಾಗ ಕೀಳಬೇಕು.

ಪೆಂಟಾಕ್ಸ್ ಕೆ1000 ಈ ಷರತ್ತಿಗೆ ಒಪ್ಪುವ ಕ್ಯಾಮೆರಾ. 1976ರಿಂದ 1997ರವರೆಗೆ ಬಂತು. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ಅದಕ್ಕೆ ಆನ್-ಆಫ್ ಬಟನ್ನೇ ಇಲ್ಲ, ಲೆನ್ಸ್ ಮೇಲೆ ಕ್ಯಾಪ್ ಹಾಕದೆ ಇಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ. ಆದರೆ ಎಲ್ಲರೂ ಅದರ ಹೆಸರೇ ಹೇಳಿ ಹೇಳಿ ಬೆಲೆ ಏರಿಬಿಟ್ಟಿದೆ. ಅದಕ್ಕಾಗಿ ಒದ್ದಾಡಬೇಡಿ. ಯಾಷಿಕಾ ಎಫ್‌ಎಕ್ಸ್-3 ಸಿಕ್ಕರೆ ಕಣ್ಣುಮುಚ್ಚಿ ನೋಡಿ. ಮೈಮೇಲಿನ ಕಪ್ಪು ಹೊದಿಕೆ ಉದುರಿರುತ್ತದೆ. ಉದುರಲಿ, ಚಿತ್ರಕ್ಕೆ ಅದರಿಂದ ಏನೂ ಇಲ್ಲ. ಆ ನೆಪ ಹೇಳಿ ಐನೂರು ಚೌಕಾಸಿ ಮಾಡಬಹುದು. ಇನ್ನೂ ಅಗ್ಗದ್ದು ಬೇಕೆಂದರೆ ಸೋವಿಯತ್ ಕಾಲದ ಝೆನಿಟ್. ತೂಕ ಜಾಸ್ತಿ, ಶಟರ್ ಸೆಕೆಂಡಿನ 1/30ರಿಂದ 1/500ರವರೆಗೆ ಮಾತ್ರ. ಆದರೆ ಅದರ ಜೊತೆ ಬರುವ 58 ಎಂಎಂ ಹೀಲಿಯೋಸ್ ಲೆನ್ಸ್‌ನಲ್ಲಿ ತೆಗೆದ ಮುಖಗಳನ್ನು ನಾನು ಕೈಯಾರೆ ಪ್ರಿಂಟ್ ಹಾಕಿದ್ದೇನೆ. ಅದಕ್ಕೆ ನನ್ನ ಓಟು. ಮನೆಮನೆಯಲ್ಲೂ ಇದ್ದ ಯಾಷಿಕಾ ಎಂಎಫ್-2 ಬೇಡ. ಅದರಲ್ಲಿ ಫೋಕಸ್ ತಿರುಗಿಸಲು ಬರುವುದಿಲ್ಲ. ನಿಮ್ಮಂಥವರಿಗೆ ಒಂದು ರೋಲ್‌ಗೇ ಬೇಜಾರು ಬರುತ್ತದೆ.

ಫೋಟೋ ನೋಡಿ ದುಡ್ಡು ಕಳಿಸಬೇಡಿ. ಬೆಂಗಳೂರಿಗೆ ಹೋಗುವ ಕೆಲಸವಿದ್ದರೆ ಭಾನುವಾರ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ನಲ್ಲಿ ಒಂದು ಸುತ್ತು ಹಾಕಿ. ಕೈಗೆ ಸಿಕ್ಕಿದ ಮೇಲೆ ಹಿಂದಿನ ಬಾಗಿಲು ತೆಗೆಯಿರಿ. ಅಂಚಿನ ಕಪ್ಪು ಸ್ಪಂಜು ಹಳೇ ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿದರೆ ಗಾಬರಿ ಬೇಡ, ಈ ವಯಸ್ಸಿನ ಎಲ್ಲ ಕ್ಯಾಮೆರಾಗಳ ಪಾಡೂ ಅದೇ. ಸ್ಪಿರಿಟ್‌ನಲ್ಲಿ ಒರೆಸಿ, ಕಪ್ಪು ಉಲ್ಲನ್ ದಾರ ಕೂರಿಸಿದರೆ ಬೆಳಕು ನುಸುಳುವುದಿಲ್ಲ. ಆಮೇಲೆ ಶಟರನ್ನು ನಿಧಾನದಿಂದ ವೇಗಕ್ಕೆ ಒಂದೊಂದಾಗಿ ಹೊಡೆದು ಕಿವಿಕೊಟ್ಟು ಕೇಳಿ. ಒಂದು ಸೆಕೆಂಡ್‌ಗೂ ಅರ್ಧ ಸೆಕೆಂಡ್‌ಗೂ ವ್ಯತ್ಯಾಸ ಕೇಳಿಸಬೇಕು. ನಡುವೆ ಸಿಕ್ಕಿಕೊಂಡು ನಿಂತರೆ ವಾಪಸ್ ಕೊಟ್ಟುಬಿಡಿ. ಝೆನಿಟ್‌ಗೆ ನಿಧಾನದ ಸ್ಪೀಡ್‌ಗಳೇ ಇಲ್ಲವಲ್ಲ, ಅಲ್ಲಿ ಬೆಳಕಿಗೆ ಹಿಡಿದು ಪರದೆ ಪೂರ್ತಿ ತೆರೆಯುತ್ತದಾ ಎಂದು ಹಿಂದಿನಿಂದ ನೋಡಿ. ಬ್ಯಾಟರಿ ಗೂಡಿನಲ್ಲಿ ಹಸಿರು-ಬಿಳಿ ಪುಡಿ ಕೂತಿದ್ದರೆ ವಿನೆಗರ್ ಹಾಕಿ ಉಜ್ಜಿದರೆ ಎಷ್ಟೋ ಸಲ ಹೋಗುತ್ತದೆ.

ಮೀಟರ್ ಸತ್ತಿದ್ದರೂ ತೆಗೆದುಕೊಳ್ಳಿ, ಆದರೆ ಬೆಲೆ ಇಳಿಸಿ. ನಿಮಗೆ ನೆನಪಿದೆ ಅಲ್ವಾ, ರೋಲ್ ಡಬ್ಬಿಯ ಮೇಲೇ ಬರೆದಿರುತ್ತಿತ್ತು. ಒಳ್ಳೆ ಬಿಸಿಲಿಗೆ ಲೆನ್ಸ್‌ನ ಬೆಳಕಿನ ಕಿಂಡಿ ಎಫ್ 16ಕ್ಕೆ ಇಟ್ಟು (ಅಂಕಿ ಇಳಿದಷ್ಟೂ ಕಿಂಡಿ ದೊಡ್ಡದು), ರೋಲ್‌ನ ಎಎಸ್‌ಎಗೆ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಂಕಿ) ಹತ್ತಿರದ ಶಟರ್ ಸ್ಪೀಡ್ ಇಟ್ಟರೆ ಆಯಿತು. 400 ಎಎಸ್‌ಎಗೆ 1/500. ತೆಳು ಮೋಡಕ್ಕೆ ಎಫ್ 11, ದಟ್ಟ ಮೋಡಕ್ಕೆ ಎಫ್ 8 ಅಥವಾ 5.6. ಸಂಶಯ ಬಂದರೆ ಮೊಬೈಲ್‌ನ ಮೀಟರ್ ಆ್ಯಪ್ ನೋಡಿ, ಅದರಲ್ಲೇನು ನಾಚಿಕೆ? ಅದೂ ಬೇಡವೆಂದರೆ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಡಿ. ಬ್ಲಾಕ್ ಅಂಡ್ ವೈಟ್ ನೆಗೆಟಿವ್ ಬೆಳಕು ಹೆಚ್ಚಾದರೆ ತಾಳಿಕೊಳ್ಳುತ್ತದೆ, ಕಡಿಮೆಯಾದರೆ ನೆರಳಿನೊಳಗೆ ಏನೂ ಉಳಿಯುವುದಿಲ್ಲ. ನಾನು ತೊಳೆದ ರೋಲ್‌ಗಳಲ್ಲಿ ಕೆಟ್ಟವೆಲ್ಲ ಹೆಚ್ಚುಕಡಿಮೆ ತೆಳು ನೆಗೆಟಿವ್‌ಗಳೇ. ಜಾತ್ರೆಯಲ್ಲಿ ತೇರು ಬಿಸಿಲಲ್ಲಿ, ಜನ ನೆರಳಲ್ಲಿ ಇದ್ದರೆ ಜನರ ಮುಖಕ್ಕೆ ಅಳೆಯಿರಿ.

ರೋಲ್ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಇರಲಿ. ದುಬಾರಿ ಅನಿಸಿದರೆ ಅದೇ ಕಾರ್ಖಾನೆಯ ಕೆಂಟ್‌ಮಿಯರ್ 400. ಒಂದೇ ಜಾತಿಯ ರೋಲ್ ಹಿಡಿದುಕೊಂಡು ಒಂದು ವರ್ಷ ಕಳೆಯಿರಿ. ಒಂದು ತಿಂಗಳು ಇದು, ಮುಂದಿನ ತಿಂಗಳು ಅದು ಎಂದರೆ ತಪ್ಪು ಕ್ಯಾಮೆರಾದ್ದಾ, ರೋಲ್‌ನದ್ದಾ, ತೊಳೆದವರದ್ದಾ ಎಂದೇ ಗೊತ್ತಾಗುವುದಿಲ್ಲ.

ರೋಲ್ ಹಾಕಿದ ಮೇಲೆ ಲಿವರ್ ಎಳೆದಾಗ ಎಡಗಡೆಯ ಸುತ್ತುವ ಗುಂಡಿ ತಿರುಗುತ್ತದಾ ನೋಡಿ. ತಿರುಗದಿದ್ದರೆ ಫಿಲ್ಮ್ ಒಳಗೆ ಸಿಕ್ಕಿಕೊಂಡಿಲ್ಲ ಎಂದರ್ಥ. ಹೀಗೆ ಇಡೀ ಮದುವೆ 'ತೆಗೆದು' ಖಾಲಿ ರೋಲ್ ತಂದುಕೊಟ್ಟವರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಸುದ್ದಿ ಹೇಳುವುದು ಡಾರ್ಕ್ ರೂಮ್ ಕೆಲಸದಲ್ಲೇ ಕಷ್ಟದ ಕೆಲಸ.

ಇನ್ನೊಂದು ಎಚ್ಚರ. ಕಲರ್ ಲ್ಯಾಬ್‌ಗೆ ಹಾಗೇ ಕೊಟ್ಟು ಬರಬೇಡಿ. ಕಲರ್ ರೋಲ್ ತೊಳೆಯುವ ಕೆಮಿಕಲ್ ಕೊನೆಯಲ್ಲಿ ಬೆಳ್ಳಿಯನ್ನೆಲ್ಲ ತೆಗೆದುಹಾಕುತ್ತದೆ. ನಿಮ್ಮ ಎಚ್‌ಪಿ5ನಲ್ಲಿ ಇರುವ ಚಿತ್ರವೇ ಬೆಳ್ಳಿ. ಅದು ಹೋದರೆ ಉಳಿಯುವುದು ಬರೀ ಪ್ಲಾಸ್ಟಿಕ್ ಪಟ್ಟಿ. ಕಲರ್ ಕೆಮಿಕಲ್‌ನಲ್ಲೇ ತೊಳೆಯುವಂಥ ಬ್ಲಾಕ್ ಅಂಡ್ ವೈಟ್ ರೋಲ್ ಇಲ್‌ಫರ್ಡ್ ಎಕ್ಸ್‌ಪಿ2. ನಿಮ್ಮೂರ ಹತ್ತಿರ ಕಲರ್ ಲ್ಯಾಬ್ ಮಾತ್ರ ಇದ್ದರೆ ಅದನ್ನು ಹಾಕಿ.

ಆಂಟಿ, ನಾನು ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಇರುವವಳು. ಅಪ್ಪನ ಹಳೇ ಕ್ಯಾಮೆರಾದಲ್ಲಿ ಎಚ್‌ಪಿ5 ಹೊಡೆಯುತ್ತಿದ್ದೇನೆ. ಲ್ಯಾಬ್‌ನವರು ಕೇಳುವ ರೇಟ್ ನೋಡಿ ಬಾತ್‌ರೂಮ್‌ನಲ್ಲೇ ತೊಳೆಯೋಣ ಅಂತ. ಪುಸ್ತಕಗಳಲ್ಲಿ 20 ಡಿಗ್ರಿ ನೀರು ಅಂತಾರೆ. ನಮ್ಮ ನಲ್ಲಿಯಲ್ಲಿ ಏಪ್ರಿಲ್‌ನಲ್ಲಿ 29 ಡಿಗ್ರಿ ಬರುತ್ತೆ. ಟ್ಯಾಂಕರ್ ನೀರು ಬೇರೆ. ಆಗುತ್ತಾ?
— ಸಾಫ್ಟ್‌ವೇರ್ ಹುಡುಗಿ, ಬೆಳ್ಳಂದೂರು

ಆಗುತ್ತಮ್ಮಾ, ಧಾರಾಳವಾಗಿ ಆಗುತ್ತದೆ. ನಮ್ಮ ಬಾವಿಯ ನೀರು ತಣ್ಣಗಿತ್ತು, ನನಗೆ ಆ ಕಷ್ಟ ಇರಲಿಲ್ಲ. ಆದರೆ ಬಳ್ಳಾರಿ, ರಾಯಚೂರು ಕಡೆಯ ಸ್ಟುಡಿಯೋಗಳೂ ರೋಲ್ ತೊಳೆದೇ ಬದುಕಿದವು ಅಲ್ವಾ?

ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, ಡಿ-76 ಇರಲಿ. ನೂರು ವರ್ಷದ ಹತ್ತಿರದ ಹಳೇ ಸರಕು, ಇವತ್ತಿಗೂ ಅದಕ್ಕಿಂತ ನೆಮ್ಮದಿಯದು ಇನ್ನೊಂದಿಲ್ಲ. ಎಚ್‌ಪಿ5ಗೆ ಅದನ್ನು ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಬಿಸಿ ಏರಿದಷ್ಟೂ ಸಮಯ ಇಳಿಯುತ್ತದೆ. ಐದು ನಿಮಿಷಕ್ಕಿಂತ ಕೆಳಗೆ ಇಳಿದರೆ ಆಕಾಶದಲ್ಲಿ ಪಟ್ಟೆಪಟ್ಟೆ ಬರುವ ಅಪಾಯ. ಅದಕ್ಕೆ ಸಮ ನೀರು ಬೆರೆಸಿ ಬಳಸು. ಆಗ 20ರಲ್ಲಿ 11 ನಿಮಿಷ, 24ರಲ್ಲಿ ಸುಮಾರು ಎಂಟು. ಆರಾಮವಾಗಿ ಸಿಗುವಷ್ಟು ಸಮಯ. ಬೆರೆಸಿದ್ದನ್ನು ಒಂದೇ ಸಲಕ್ಕೆ ಬಳಸಿ ಚೆಲ್ಲಬೇಕು.

29ನ್ನು 24ಕ್ಕೆ ತರಲು ಫ್ರಿಜ್ ಬಾಟಲಿ ನೀರು ಒಂದಿಷ್ಟು ಬೆರೆಸು. ಮಣ್ಣಿನ ಮಡಕೆ ಇದ್ದರೆ ಅದರ ನೀರೇ ಅರ್ಧ ಕೆಲಸ ಮಾಡಿರುತ್ತದೆ. ಐಸ್ ತುಂಡನ್ನು ಡೆವಲಪರ್ ಒಳಗೆ ಹಾಕಬೇಡ, ಕರಗಿ ತೆಳುವಾಗುತ್ತದೆ. ಬೋಗುಣಿ ನೀರಿಗೆ ಐಸ್ ಹಾಕಿ ಅದರಲ್ಲಿ ಬಾಟಲಿ ನಿಲ್ಲಿಸು. ಡೆವಲಪರ್ 24 ಇದ್ದು ಹೈಪೋ 30 ಇರಬಾರದು. ಎಲ್ಲವನ್ನೂ ಒಂದೇ ಬೋಗುಣಿಯಲ್ಲಿ ನಿಲ್ಲಿಸಿದರೆ ಎಲ್ಲವೂ ಒಂದೇ ಬಿಸಿಗೆ ಬರುತ್ತವೆ. ಒಳ್ಳೆ ಥರ್ಮಾಮೀಟರ್‌ಗೆ ಮಾತ್ರ ಜಿಪುಣತನ ಮಾಡಬೇಡ.

ರೋಲನ್ನು ಟ್ಯಾಂಕಿನ (ಬೆಳಕು ನುಸುಳದ, ತೊಳೆಯುವ ಡಬ್ಬಿ) ರೀಲ್‌ಗೆ ಸುತ್ತುವಾಗ ಪೂರ್ತಿ ಕತ್ತಲು ಬೇಕು. ಸಿನಿಮಾದಲ್ಲಿ ತೋರಿಸುವ ಕೆಂಪು ದೀಪ ಪ್ರಿಂಟ್ ಪೇಪರ್‌ಗೆ ಸರಿ. ಈ ರೋಲ್ ಕೆಂಪನ್ನೂ ಕಾಣುತ್ತದೆ, ಹಾಳಾಗುತ್ತದೆ. ಚೇಂಜಿಂಗ್ ಬ್ಯಾಗ್ (ಕೈ ತೂರಿಸಿ ಒಳಗೆ ಕತ್ತಲಲ್ಲಿ ಕೆಲಸ ಮಾಡುವ ಕಪ್ಪು ಚೀಲ) ತೆಗೆದುಕೋ. ಆದರೆ ಸೆಕೆಯಲ್ಲಿ ಬ್ಯಾಗ್ ಒಳಗೆ ಕೈ ಬೆವರಿದರೆ ಫಿಲ್ಮ್ ರೀಲ್‌ಗೆ ಅಂಟಿ ಮುಂದೆ ಹೋಗುವುದಿಲ್ಲ. ಅಂಥ ದಿನ ರಾತ್ರಿ ದೀಪ ಆರಿಸಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಬಾತ್‌ರೂಮ್‌ನಲ್ಲೇ ಸುತ್ತುವುದು ಮೇಲು. ರೀಲ್ ಒಣಗಿರಬೇಕು. ಮೊದಲು ಒಂದು ಹಾಳು ರೋಲ್ ಹಿಡಿದು ಬೆಳಕಿನಲ್ಲಿ ಸುತ್ತು, ಆಮೇಲೆ ಕಣ್ಣು ಮುಚ್ಚಿ ಸುತ್ತು.

ಡೆವಲಪರ್ ಹಾಕಿದ ಮೇಲೆ ಮೊದಲ ಹತ್ತು ಸೆಕೆಂಡ್‌ನಲ್ಲಿ ಟ್ಯಾಂಕನ್ನು ನಾಲ್ಕು ಸಲ ತಲೆಕೆಳಗು ಮಾಡು. ಆಮೇಲೆ ಪ್ರತಿ ನಿಮಿಷದ ಶುರುವಿಗೆ ಅಷ್ಟೇ. ತಳವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದರೆ ಗುಳ್ಳೆ ಬಿಡುತ್ತದೆ. ಡೆವಲಪರ್ ಚೆಲ್ಲಿದ ಮೇಲೆ ಅದರ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ ಇಲ್ಲದಿದ್ದರೆ ಬರೀ ನೀರಲ್ಲಿ ಒಂದೆರಡು ಸಲ ಜಾಲಿಸು. ಹೈಪೋ ಎಷ್ಟು ಹೊತ್ತು ಎಂದು ಬಾಟಲಿ ನೋಡುವ ಬದಲು ರೋಲ್ ತುದಿಯ ತುಂಡೊಂದನ್ನು ಕತ್ತರಿಸಿ ಅದರಲ್ಲಿ ಅದ್ದು. ಹಾಲು ಬಣ್ಣ ಹೋಗಿ ತಿಳಿಯಾಗಲು ಎಷ್ಟು ಹೊತ್ತು ಹಿಡಿಯಿತೋ ಅದರ ಎರಡರಷ್ಟು ಹೊತ್ತು ರೋಲ್ ಇಡು. ಸಮಯ ದಿನೇ ದಿನೇ ಉದ್ದವಾಗುತ್ತಾ ಬಂದರೆ ಹೈಪೋ ಸುಸ್ತಾಗಿದೆ ಎಂದು ತಿಳಿ.

ಟ್ಯಾಂಕರ್ ನೀರಿನ ಮಾತು. ನಾವು ಅರ್ಧ ಗಂಟೆ ನಲ್ಲಿ ಬಿಟ್ಟು ತೊಳೆಯುತ್ತಿದ್ದೆವು. ಈಗ ಹಾಗೆ ಮಾಡಿದರೆ ನಿನ್ನ ಅಪಾರ್ಟ್‌ಮೆಂಟ್‌ನವರು ಬಾಗಿಲು ಬಡಿಯುತ್ತಾರೆ. ಇಲ್‌ಫರ್ಡ್‌ನವರು ಹೇಳುವ ಕ್ರಮ ಒಂದಿದೆ. ರ‍್ಯಾಪಿಡ್ ಫಿಕ್ಸರ್ ಬಳಸಿದವರಿಗೆ ಸರಿಹೋಗುತ್ತದೆ. ಟ್ಯಾಂಕ್ ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲು. ಮತ್ತೆ ತುಂಬಿ ಹತ್ತು ಸಲ. ಮತ್ತೆ ತುಂಬಿ ಇಪ್ಪತ್ತು ಸಲ. ಅಷ್ಟೇ, ಮೂರು ಟ್ಯಾಂಕ್ ನೀರು. ಕೊನೆಯ ಒಂದು ಜಾಲಿಕೆ ಮಾತ್ರ ಬೋರ್ ನೀರಲ್ಲಿ ಬೇಡ, ಸುಣ್ಣದ ಕಲೆ ಕೂರುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಒಂದು ತೊಟ್ಟು ವೆಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಜಾರುವಂತೆ ಮಾಡುವ ದ್ರಾವಣ) ಹಾಕಿ ಅದ್ದಿ ತೂಗುಹಾಕು. ಫ್ಯಾನ್ ಹಾಕಬೇಡ, ಧೂಳೆಲ್ಲ ಬಂದು ಅಂಟುತ್ತದೆ. ಮುಗಿದ ಹೈಪೋದಲ್ಲಿ ಬೆಳ್ಳಿ ಇರುತ್ತದೆ, ಹೂಕುಂಡಕ್ಕೆ ಸುರಿಯಬೇಡ. ಕ್ಯಾನ್‌ನಲ್ಲಿ ಕೂಡಿಟ್ಟು ಯಾವುದಾದರೂ ಲ್ಯಾಬ್‌ನವರನ್ನು ಕೇಳು.

ಡಿ-76 ಪ್ಯಾಕೆಟ್ ಸಿಗದೆ ಹೋದರೆ ಮನೆಯಲ್ಲೇ ಕಲಸಬಹುದು. ಒಂದು ಲೀಟರ್‌ಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮುಕ್ಕಾಲು ಲೀಟರ್ ನೀರನ್ನು 50 ಡಿಗ್ರಿಗೆ ಬಿಸಿ ಮಾಡಿ, ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಕರಗಿದ ಮೇಲೆ ಉಳಿದವು ಇದೇ ಸಾಲಿನಲ್ಲಿ. ಸಲ್ಫೈಟ್ ಎಲ್ಲವನ್ನೂ ಮೊದಲೇ ಸುರಿದರೆ ಮೆಟಾಲ್ ಕರಗುವುದಿಲ್ಲ. ಕೊನೆಗೆ ತಣ್ಣೀರು ಹಾಕಿ ಲೀಟರ್ ತುಂಬಿಸು. ಕೈಗೆ ಗ್ಲೌಸ್ ಇರಲಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಎದ್ದರೆ ಬಿಡುವುದಿಲ್ಲ. ಅಡುಗೆಮನೆಯ ಪಾತ್ರೆ, ಚಮಚ ಮುಟ್ಟಬೇಡ. ತುಂಬಿ ಮುಚ್ಚಿಟ್ಟ ಬಾಟಲಿ ಆರು ತಿಂಗಳು ಬರುತ್ತದೆ, ಅರ್ಧ ಖಾಲಿಯಾದದ್ದು ಎರಡೇ ತಿಂಗಳು.

ಮೇಡಂ, ಮಾವನ ಕಾಲದ ಕ್ಯಾಮೆರಾ ಚರ್ಮದ ಕೇಸ್‌ನಲ್ಲೇ ಇತ್ತು. ತೆಗೆದು ನೋಡಿದರೆ ಲೆನ್ಸ್ ಒಳಗೆ ಬಲೆ ಬಲೆ. ಎಸೆಯುವುದಾ?
— ಗೃಹಿಣಿ, ಕುಂದಾಪುರ

ಎಸೆಯಬೇಡಿ. ಫಂಗಸ್ ಅದು, ಕರಾವಳಿ-ಮಲೆನಾಡಿನ ಕ್ಯಾಮೆರಾಗಳಿಗೆಲ್ಲ ಬರುವ ರೋಗ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಫೋಟೋದಲ್ಲಿ ಕಾಣುವುದೇ ಇಲ್ಲ. ನಡುವೆ ಹಬ್ಬಿದ್ದರೆ ಚಿತ್ರ ಮಂಕಾಗುತ್ತದೆ, ಬೆಳಕಿಗೆ ಎದುರಾಗಿ ತೆಗೆದರೆ ಹೊಗೆ ಆಡಿದ ಹಾಗೆ ಬರುತ್ತದೆ. ಬಿಚ್ಚಿ ಒರೆಸುವುದು ರಿಪೇರಿಯವರ ಕೆಲಸ. ಗಾಜನ್ನೇ ತಿಂದಿದ್ದರೆ ಒರೆಸಿದರೂ ಗುರುತು ಉಳಿಯುತ್ತದೆ. ಒಳ್ಳೆ ಲೆನ್ಸ್‌ಗಳ ಪಕ್ಕ ಮಾತ್ರ ಇದನ್ನು ಇಡಬೇಡಿ. ಆ ಚರ್ಮದ ಕೇಸ್ ನೆನಪಿಗೆ ಬೇಕಿದ್ದರೆ ಬೇರೆ ಕಡೆ ಇಡಿ. ಮಳೆಗಾಲದಲ್ಲಿ ಫಂಗಸ್‌ಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ. ನಾವು ಕಪಾಟಿನ ಕೆಳಗಡೆ ಒಂದು ಸಣ್ಣ ಬಲ್ಬ್ ಉರಿಸಿಡುತ್ತಿದ್ದೆವು. ಈಗ ಬಿಗಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಹಾಕಿಟ್ಟರೆ ಸಾಕು. ಅದರ ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಬಹುದು.

ಫೋನಿನಲ್ಲಿ ತೆಗೆದು ಒಂದು ಬಟನ್ ಒತ್ತಿದರೆ ಬ್ಲಾಕ್ ಅಂಡ್ ವೈಟ್ ಆಗುತ್ತದೆ. ಸುಮ್ನೆ ಯಾಕೆ ಇಷ್ಟು ರಗಳೆ?
— ಕಾಲೇಜು ವಿದ್ಯಾರ್ಥಿ, ದಾವಣಗೆರೆ

ರಗಳೆ ಬೇಡವಾದರೆ ಬೇಡಪ್ಪಾ, ಫೋನ್ ಚೆನ್ನಾಗೇ ಇದೆ. ಆದರೆ ಫೋನಿನಲ್ಲಿ ಬಣ್ಣ ನೋಡಿ ತೆಗೆಯುತ್ತೀಯ, ಆಮೇಲೆ ಬಣ್ಣ ತೆಗೆಯುತ್ತೀಯ. ರೋಲ್ ಹಾಕಿದವರು ಮೊದಲೇ ಬೂದು ಬಣ್ಣದಲ್ಲಿ ಯೋಚಿಸಬೇಕು. ಕೆಂಪು ಸೀರೆ, ಹಸಿರು ಕುಪ್ಪಸ ಕಣ್ಣಿಗೆ ಎಷ್ಟು ಬೇರೆ! ಪ್ರಿಂಟ್‌ನಲ್ಲಿ ಎರಡೂ ಒಂದೇ ಬೂದು ಆಗಿ ಕೂತುಬಿಡಬಹುದು. ಹಳದಿ ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗಿ ಮೋಡ ಎದ್ದು ಬರುತ್ತದೆ, ಒಂದು ಸ್ಟಾಪ್ ಬೆಳಕು ಜಾಸ್ತಿ ಕೊಡಬೇಕು. ಕೆಂಪು ಫಿಲ್ಟರ್ ಹಾಕಿದರೆ ಇನ್ನೂ ಜೋರು, ಮೂರು ಸ್ಟಾಪ್. ಆದರೆ ಅದನ್ನು ಹಾಕಿ ಹೆಂಗಸರ ಫೋಟೋ ತೆಗೆದರೆ ಹಣೆಯ ಕುಂಕುಮ ಚರ್ಮದ ಬಣ್ಣಕ್ಕೇ ಬಂದು ಮಾಯ. ಅಮ್ಮನ ಹತ್ತಿರ ಬೈಸಿಕೊಳ್ಳುತ್ತೀಯ.

ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಎಲ್ಲಾದರೂ ಹುಡುಕಿ ನೋಡು. ದೊಡ್ಡವರನ್ನು ಎಷ್ಟು ತೆಗೆದರೋ ಶಾಲೆ ಮಕ್ಕಳನ್ನೂ ಬೀದಿಯ ಜನರನ್ನೂ ಅಷ್ಟೇ ಅಕ್ಕರೆಯಿಂದ ತೆಗೆದವರು. ಬಣ್ಣ ಇದ್ದಿದ್ದರೆ ಕಣ್ಣು ಮೊದಲು ಎಲ್ಲಿಗೆ ಹೋಗುತ್ತಿತ್ತು ಎಂದು ಯೋಚಿಸು. ಅಷ್ಟಾದ ಮೇಲೂ ರಗಳೆ ಅನಿಸಿದರೆ ಫೋನೇ ಇರಲಿ.

ಮುಂದಿನ ತಿಂಗಳು ಊರಿಗೆ ಬರುತ್ತಿದ್ದೇನೆ. ಇಲ್ಲಿಂದ ಹತ್ತು ರೋಲ್ ತರಬೇಕು. ಏರ್‌ಪೋರ್ಟ್ ಎಕ್ಸ್-ರೇಯಲ್ಲಿ ಹಾಳಾಗುತ್ತವಾ?
— ಕನ್ನಡಿಗ, ನ್ಯೂ ಜೆರ್ಸಿ

ಚೆಕ್-ಇನ್ ಸೂಟ್‌ಕೇಸ್‌ಗೆ ಖಂಡಿತ ಹಾಕಬೇಡಿ, ಅದರ ಯಂತ್ರ ಬಲು ಜೋರು. ಕೈಚೀಲಕ್ಕೂ ಈಗ ಸಿ.ಟಿ. ಯಂತ್ರಗಳು ಬಂದಿವೆ, ಅವೂ ರೋಲ್ ಮಬ್ಬು ಮಾಡುತ್ತವೆ. ಡಬ್ಬಿಯಿಂದ ತೆಗೆದು ಪಾರದರ್ಶಕ ಕವರ್‌ನಲ್ಲಿ ಹಾಕಿ, ಕೈಯಲ್ಲಿ ಹಿಡಿದು ತೋರಿಸಿ, ಕಣ್ಣಲ್ಲೇ ಪರೀಕ್ಷೆ ಮಾಡಿ ಎಂದು ನಯವಾಗಿ ಕೇಳಿ. ಸಾಲು ಉದ್ದ ಇರುವಾಗ ಎಲ್ಲರೂ ಒಪ್ಪುವುದಿಲ್ಲ. ಸ್ವಲ್ಪ ಬೇಗ ಹೋಗಿ. ಕ್ಯಾಮೆರಾದೊಳಗೆ ಅರ್ಧ ರೋಲ್ ಇಟ್ಟುಕೊಂಡು ಹೊರಡಬೇಡಿ, ಮುಗಿಸಿಯೇ ಹೊರಡಿ.

ಅಜ್ಜನ ಟ್ರಂಕಿನಲ್ಲಿ ಆಗ್ಫಾ ಕ್ಲಿಕ್ III ಕ್ಯಾಮೆರಾ, ಅದರ ಜೊತೆ ಹೊಡೆದು ಅಂಟಿಸಿಟ್ಟ ಒಂದು 'ಇಂದು' ರೋಲ್ ಸಿಕ್ಕಿದೆ. ಅದರಲ್ಲಿ ಇನ್ನೂ ಏನಾದರೂ ಇರಬಹುದಾ ಅಮ್ಮಾ?
— ಬ್ಯಾಂಕ್ ಉದ್ಯೋಗಿ, ಬೆಳಗಾವಿ

'ಇಂದು' ಹೆಸರು ಓದಿ ಖುಷಿಯಾಯಿತು. ಊಟಿಯಲ್ಲಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಮಾಲು ಅದು. 1960ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಕಂಪನಿ. ಫಿಲ್ಮ್‌ಗೆ ಧೂಳು ಆಗುವುದಿಲ್ಲ, ಸೆಕೆ ಆಗುವುದಿಲ್ಲ, ಅದಕ್ಕೇ ಆ ತಣ್ಣನೆ ಬೆಟ್ಟ. ರೋಲ್, ಪೇಪರ್, ಆಸ್ಪತ್ರೆಯ ಎಕ್ಸ್-ರೇ ಫಿಲ್ಮ್ ಎಲ್ಲ ಬರುತ್ತಿತ್ತು. ಈಗ ಮುಚ್ಚಿದೆ. ನಮ್ಮ ಸ್ಟುಡಿಯೋದಲ್ಲಿ ಇಂದು ಪೇಪರ್ ಮೇಲೆ ಎಷ್ಟು ಪಾಸ್‌ಪೋರ್ಟ್ ಸೈಜ್ ಹಾಕಿದ್ದೇನೋ ಲೆಕ್ಕವಿಲ್ಲ.

ಇರಬಹುದು. ಬ್ಲಾಕ್ ಅಂಡ್ ವೈಟ್ ರೋಲ್‌ನಲ್ಲಿ ಬೆಳಕು ಬಿದ್ದ ಗುರುತು ದಶಕಗಟ್ಟಲೆ ಉಳಿಯುವುದುಂಟು. ಜೊತೆಗೆ ಇಡೀ ರೋಲ್ ಮೇಲೆ ಬೂದು ಮಬ್ಬೂ ಏರಿರುತ್ತದೆ. ಟ್ರಂಕು ಸೆಕೆಯ ಅಟ್ಟದಲ್ಲಿತ್ತೋ ತಣ್ಣನೆ ಕೋಣೆಯಲ್ಲಿತ್ತೋ ಅದರ ಮೇಲೆ ಹೋಗುತ್ತದೆ. ಕ್ಲಿಕ್ III ಕ್ಯಾಮೆರಾಗೆ 120 ಎಂಬ ಅಗಲದ ರೋಲ್, ಹನ್ನೆರಡು ಚೌಕ ಚಿತ್ರ. ಹಿಂದೆ ಕಾಗದ ಅಂಟಿಸಿರುತ್ತದೆ, ಕತ್ತಲಲ್ಲಿ ಅದನ್ನು ಬೇರ್ಪಡಿಸಿ ರೀಲ್‌ಗೆ ಸುತ್ತಬೇಕು. ಅಷ್ಟು ವರ್ಷ ಸುರುಳಿಯಾಗಿ ಕೂತ ಫಿಲ್ಮ್ ಹಟ ಮಾಡುತ್ತದೆ. ಇದನ್ನು ನಿಮ್ಮ ಮೊದಲ ರೋಲ್ ಮಾಡಿಕೊಳ್ಳಬೇಡಿ. ಮೊದಲು ಹೊಸ 120 ರೋಲ್ ಒಂದನ್ನು ಅದೇ ಕ್ಯಾಮೆರಾದಲ್ಲಿ ಹೊಡೆದು ತೊಳೆಯಿರಿ. ಅಥವಾ ಬ್ಲಾಕ್ ಅಂಡ್ ವೈಟ್ ಕೈಯಲ್ಲೇ ತೊಳೆಯುವವರಿಗೆ, ಹಳೇ ರೋಲ್ ಎಂದು ಬಾಯಿಬಿಟ್ಟು ಹೇಳಿ ಕೊಡಿ.

ನೀವೇ ತೊಳೆಯುವುದಾದರೆ ಡಿ-76ಗೆ ನೀರು ಬೆರೆಸಬೇಡಿ, 20 ಡಿಗ್ರಿ ದಾಟಲು ಬಿಡಬೇಡಿ. ಮಬ್ಬು ಕಡಿಮೆ ಇರುತ್ತದೆ. ನೆಗೆಟಿವ್ ಕಪ್ಪಗೆ ಬಂದರೂ ಎಸೆಯಬೇಡಿ. ಕಣ್ಣಿಗೆ ಕಾಣದ ಮುಖ ಹಿಂದಿನಿಂದ ಬೆಳಕು ಕೊಟ್ಟು ಸ್ಕ್ಯಾನ್ ಮಾಡಿದಾಗ ಕಾಣುವುದುಂಟು. ಬಿಳಿ ಪರದೆ ತೆರೆದಿಟ್ಟ ಲ್ಯಾಪ್‌ಟಾಪ್‌ನಿಂದ ಒಂದು ಗೇಣು ಮೇಲೆ ನೆಗೆಟಿವ್ ಹಿಡಿದು ಫೋನಿನಲ್ಲಿ ತೆಗೆದು ಕಪ್ಪು-ಬಿಳುಪು ಅದಲುಬದಲು ಮಾಡಿ ನೋಡಿ, ಅಷ್ಟರಲ್ಲೇ ಗೊತ್ತಾಗುತ್ತದೆ. ಏನಾದರೂ ಬಂದರೆ ಒಂದು ಪ್ರಿಂಟ್ ನನಗೂ ಕಳಿಸಿ.

ಎನ್‌ಲಾರ್ಜರ್ (ನೆಗೆಟಿವನ್ನು ಪೇಪರ್ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಕೊಳ್ಳುವ ಬಗ್ಗೆ ಶಿರಸಿಯಿಂದಲೂ ಮಂಡ್ಯದಿಂದಲೂ ಕಾಗದ ಬಂದಿವೆ. ಜಾಗ ಮುಗಿಯಿತು, ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಯಾರೂ ಮುಂಗಡ ಕೊಡಬೇಡಿ.